ಹಡಗಿನ ಈಜುಕೊಳಕ್ಕೆ ಉಪ್ಪು ನೀರೋ, ಸಿಹಿ ನೀರೋ?

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ನಿಂತುಕೊಂಡು ಸಮುದ್ರದ ಮೇಲಿನ ಈಜುಕೊಳದ ಬಗ್ಗೆ ಮಾತಾಡುವುದೇನಿದೆ ಅಂತ ಕೆಲವರಿಗೆ ಅನಿಸಿರಬಹುದು. ಆದರೆ ಈಗ ನಮ್ಮ ಕಡೆಯವರೂ ಕ್ರೂಸ್‌ಗೆ ಹೋಗುತ್ತಿದ್ದಾರೆ. ಮಕ್ಕಳು ಅಮೆರಿಕದಲ್ಲೋ ಸಿಂಗಪುರದಲ್ಲೋ ಇರುತ್ತಾರೆ, ಅಪ್ಪ ಅಮ್ಮನನ್ನು ಕರೆಸಿಕೊಂಡು ಒಂದು ವಾರ ಹಡಗು ಹತ್ತಿಸುತ್ತಾರೆ. ಮುಂಬೈ, ಚೆನ್ನೈನಿಂದ ಹೊರಡುವ ಹಡಗುಗಳೂ ಬಂದಿವೆ. ಹೊರಡುವ ಮೊದಲು ನನಗೆ ಫೋನ್ ಮಾಡುವವರು ಕೇಳುವುದು ಹೆಚ್ಚು ಕಡಿಮೆ ಒಂದೇ ಪ್ರಶ್ನೆ: “ಅಣ್ಣಾ, ಹಡಗಿನ ಪೂಲ್‌ನಲ್ಲಿ ಉಪ್ಪು ನೀರಾ, ಸಿಹಿ ನೀರಾ? ಉಪ್ಪು ನೀರಾದ್ರೆ ಕೆಮಿಕಲ್ ಇರಲ್ಲ, ಒಳ್ಳೇದು ಅಂತಾರಲ್ಲ?” ಹಡಗಿನ ಎಂಜಿನ್ ವಿಭಾಗದಲ್ಲಿ ನೀರಿನ ಕೆಲಸ ಮಾಡಿದವನು ನಾನು, ಅದಕ್ಕೇ ನನ್ನನ್ನು ಕೇಳುತ್ತಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಉಪ್ಪೋ ಸಿಹಿಯೋ ಅನ್ನುವುದು ಎರಡನೇ ಪ್ರಶ್ನೆ. ಆ ನೀರಿಗೆ ಎಷ್ಟು ಜನ ಇಳಿದಿದ್ದಾರೆ, ನೀರು ಬದಲಾಗಿ ಎಷ್ಟು ಹೊತ್ತಾಯಿತು, ಅದರಲ್ಲಿ ಕ್ಲೋರಿನ್ ಸರಿಯಾಗಿ ಇದೆಯಾ, ಇದು ಮೊದಲನೇ ಪ್ರಶ್ನೆ. ಅದರಲ್ಲೂ ಈಜುಕೊಳಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾದ್ದು ಅದರ ಪಕ್ಕದಲ್ಲಿ ಗುಳುಗುಳು ಅಂತಿರುವ ಬಿಸಿನೀರಿನ ತೊಟ್ಟಿ, ಅಂದರೆ ಜಕೂಝಿಯ ಬಗ್ಗೆ.

ಮೊದಲು ಉಪ್ಪಿನ ಲೆಕ್ಕ ನೋಡೋಣ. ಇದು ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ, ಯಾಕೆಂದರೆ ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಅಳತೆ ಅಂತ ಇಲ್ಲಿ ಹೈಸ್ಕೂಲ್ ಹುಡುಗರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 2000 ತನಕ ನಡೆಯುತ್ತದೆ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ನಮ್ಮ ಬೋರ್‌ವೆಲ್ ನೀರು 1000 ದಾಟುವುದು ಹೊಸದೇನಲ್ಲ, ಅದನ್ನೇ ನಾವು ಉಪ್ಪು ನೀರು ಅನ್ನುತ್ತೇವೆ. ಸಮುದ್ರದ ನೀರಿನಲ್ಲಿ ಎಷ್ಟು ಗೊತ್ತಾ? ಸುಮಾರು 35,000. ಲೀಟರಿಗೆ 35 ಗ್ರಾಂ ಉಪ್ಪು. ನಮ್ಮ ಕಣ್ಣೀರಿನಲ್ಲಿ ಇರುವುದು ಲೀಟರಿಗೆ ಸುಮಾರು 9 ಗ್ರಾಂ. ಅದಕ್ಕೇ ಸಮುದ್ರದ ನೀರು ಕಣ್ಣಿಗೆ ಹೋದರೆ ಉರಿಯುತ್ತದೆ.

ಇದರ ನಡುವೆ ಇನ್ನೊಂದು ಇದೆ, ಅಲ್ಲೇ ಜನ ಗೊಂದಲ ಮಾಡಿಕೊಳ್ಳುವುದು. ದೊಡ್ಡ ಹೋಟೆಲ್, ರೆಸಾರ್ಟ್‌ಗಳಲ್ಲಿ “ಸಾಲ್ಟ್ ವಾಟರ್ ಪೂಲ್” ಅಂತ ಬೋರ್ಡ್ ಹಾಕಿರುತ್ತಾರೆ. ಅದು ಸಮುದ್ರದ ನೀರಲ್ಲ. ಸಾಮಾನ್ಯ ನೀರಿಗೆ ಲೀಟರಿಗೆ 3 ಗ್ರಾಂ ಆಸುಪಾಸು ಉಪ್ಪು ಹಾಕಿ, ಆ ನೀರನ್ನು ಒಂದು ಯಂತ್ರದ ಮೂಲಕ ಹಾಯಿಸಿ, ಕರೆಂಟ್ ಕೊಟ್ಟು, ಆ ಉಪ್ಪಿನಿಂದಲೇ ಕ್ಲೋರಿನ್ ತಯಾರು ಮಾಡುತ್ತಾರೆ. ಅಂದರೆ ಅಲ್ಲೂ ನೀರನ್ನು ಕಾಯುವುದು ಕ್ಲೋರಿನ್ನೇ. ಡ್ರಮ್ಮಿನಿಂದ ಸುರಿಯುವ ಬದಲು ಅಲ್ಲೇ ಹುಟ್ಟಿಸುತ್ತಾರೆ, ಅಷ್ಟೇ. ಉಪ್ಪು ನೀರು ಅಂದರೆ ಕೆಮಿಕಲ್ ಇಲ್ಲದ ನೀರು ಅನ್ನುವ ನಂಬಿಕೆ ಇಲ್ಲೇ ಬಿದ್ದುಹೋಗುತ್ತದೆ.

ಹಡಗಿನಲ್ಲಿ ಉಪ್ಪು ನೀರಿನ ಪೂಲ್ ಅಂದರೆ ನಿಜವಾಗಿ ಸಮುದ್ರದ ನೀರೇ. ಇದು ಹಳೇ ಪದ್ಧತಿ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲೂ ಒಳಾಂಗಣ ಈಜುಕೊಳ ಇತ್ತು, ಅದಕ್ಕೆ ಸಮುದ್ರದ ನೀರನ್ನೇ ತುಂಬಿ ಬೆಚ್ಚಗೆ ಮಾಡುತ್ತಿದ್ದರು. ಸುತ್ತ ನೀರೇ ನೀರು ಇರುವಾಗ ಪಂಪ್ ಹಾಕಿ ಎತ್ತಿಕೊಳ್ಳುವುದು ಸಹಜ ತಾನೆ? ಸಮುದ್ರದ ನೀರನ್ನು ಎರಡು ರೀತಿ ಬಳಸಬಹುದು. ಒಂದು, ಹಡಗು ಓಡುತ್ತಿರುವಾಗ ಒಂದು ಕಡೆಯಿಂದ ಹೊಸ ನೀರು ಬರುತ್ತಲೇ ಇರಬೇಕು, ಇನ್ನೊಂದು ಕಡೆಯಿಂದ ಹಳೇ ನೀರು ಸಮುದ್ರಕ್ಕೇ ವಾಪಸ್ ಹೋಗುತ್ತಲೇ ಇರಬೇಕು. ಇನ್ನೊಂದು, ಒಂದು ಸಲ ತುಂಬಿದ ನೀರನ್ನೇ ಫಿಲ್ಟರ್ ಮಾಡಿ, ಕ್ಲೋರಿನ್ ಹಾಕಿ ಮತ್ತೆ ಮತ್ತೆ ಸುತ್ತಿಸುವುದು.

ಮೊದಲನೆಯದರ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯ ಇದೆ. ದಡದಿಂದ ದೂರ, ನಡುಸಮುದ್ರದಲ್ಲಿ ನೀರು ಶುದ್ಧವಾಗಿರುತ್ತದೆ, ಕೊಳದ ನೀರು ನಿಲ್ಲದೆ ಬದಲಾಗುತ್ತಿರುತ್ತದೆ. ಆದರೆ ಇದಕ್ಕೆ ಕಟ್ಟುನಿಟ್ಟಿನ ನಿಯಮ ಇದೆ. ಅಮೆರಿಕದ ಬಂದರುಗಳಿಗೆ ಬರುವ ಪ್ರವಾಸಿ ಹಡಗುಗಳ ನೈರ್ಮಲ್ಯ ನೋಡಿಕೊಳ್ಳಲು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1970ರ ದಶಕದಿಂದಲೂ ಒಂದು ತಪಾಸಣೆ ವ್ಯವಸ್ಥೆ ನಡೆಸುತ್ತಿದೆ. ಅದರ ಪ್ರಕಾರ ಹಡಗು ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಆಚೆ ಇದ್ದು, ಓಡುತ್ತಿದ್ದರೆ ಮಾತ್ರ ಹೀಗೆ ಸಮುದ್ರದ ನೀರನ್ನು ನೇರವಾಗಿ ಹಾಯಿಸಬಹುದು. ಬಂದರು ಹತ್ತಿರ ಬಂತೋ, ಕೊಳ ಖಾಲಿ ಮಾಡಬೇಕು, ಇಲ್ಲವೇ ಕ್ಲೋರಿನ್ ಹಾಕಿ ಸುತ್ತಿಸುವ ಪದ್ಧತಿಗೆ ಬದಲಾಯಿಸಬೇಕು. ಬಂದರಿನ ನೀರಿನಲ್ಲಿ ಊರಿನ ಕೊಳಚೆ, ದೋಣಿಗಳ ಎಣ್ಣೆ ಎಲ್ಲಾ ಇರುತ್ತದಲ್ಲ. ಹಡಗು ಬಂದರಿನಲ್ಲಿ ನಿಂತಿರುವಾಗ ಕೊಳಕ್ಕೆ ಬಲೆ ಹಾಕಿ ಮುಚ್ಚಿರುವುದನ್ನು ನೋಡಿ “ದುಡ್ಡು ಕೊಟ್ಟಿದ್ದೀವಿ, ಪೂಲ್ ಯಾಕೆ ಮುಚ್ಚಿದ್ರು” ಅಂತ ಸಿಬ್ಬಂದಿ ಜೊತೆ ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೇನೆ. ದಯವಿಟ್ಟು ನಿಲ್ಲಬೇಡಿ, ನಿಮ್ಮ ಒಳ್ಳೇದಕ್ಕೇ ಮುಚ್ಚಿರುತ್ತಾರೆ.

ಈಗ ಸಿಹಿ ನೀರಿಗೆ ಬರೋಣ. ಜಾರುಬಂಡೆ, ಕಾರಂಜಿ ಅಂತ ಆಟದ ವ್ಯವಸ್ಥೆ ಇರುವ ಹೊಸ ಹಡಗುಗಳಲ್ಲಿ ಸಿಹಿ ನೀರು ಹಾಕುವುದು ಹೆಚ್ಚಾಗಿದೆ. ಕಾರಣ ಸರಳ. ಸಮುದ್ರದ ಉಪ್ಪು ಕಬ್ಬಿಣವನ್ನಷ್ಟೇ ಅಲ್ಲ, ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ಪಂಪ್, ಪೈಪ್, ಬೋಲ್ಟ್, ಹೀಟರ್ ಎಲ್ಲವನ್ನೂ ತಿನ್ನುತ್ತದೆ. ಹಾಗಾದರೆ ಆ ಸಿಹಿ ನೀರು ಎಲ್ಲಿಂದ ಬರುತ್ತದೆ? ಸ್ವಲ್ಪ ಬಂದರಿನಲ್ಲಿ ತುಂಬಿಸಿಕೊಳ್ಳುತ್ತಾರೆ. ಉಳಿದದ್ದು ಹಡಗಿನಲ್ಲೇ ತಯಾರಾಗುತ್ತದೆ. ಎಂಜಿನ್ನಿನ ಬಿಸಿಯನ್ನು ಸುಮ್ನೆ ಹೊರಗೆ ಬಿಡುವ ಬದಲು ಅದರಿಂದ ಸಮುದ್ರದ ನೀರನ್ನು ಕುದಿಸಿ, ಆವಿ ಹಿಡಿದು ನೀರು ಮಾಡುತ್ತಾರೆ. ಒಳಗಿನ ಗಾಳಿಯ ಒತ್ತಡ ಇಳಿಸಿರುವುದರಿಂದ ಅಲ್ಲಿ ನೀರು ಕುದಿಯಲು 100 ಡಿಗ್ರಿ ಬೇಕಾಗಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಇನ್ನೊಂದು ದಾರಿ ಆರ್‌ಓ, ಅಂದರೆ ನೀರನ್ನು ಒಂದು ತೆಳು ಪೊರೆಯ ಮೂಲಕ ಒತ್ತಿ ಉಪ್ಪು ಬೇರೆ ಮಾಡುವುದು. ನಮ್ಮ ಹಳ್ಳಿಗಳಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವಲ್ಲ, ಅದೇ ಯಂತ್ರದ ದೊಡ್ಡಣ್ಣ. ಫ್ಲೋರೈಡ್ ಕಾಟಕ್ಕೆ ನಾವು ಆರ್‌ಓ ಹಾಕಿಸಿಕೊಂಡೆವು, ಹಡಗಿನವರು ಉಪ್ಪಿಗೆ ಹಾಕಿಸಿಕೊಂಡರು. ಆದರೆ 35,000 ಟಿಡಿಎಸ್ ನೀರನ್ನು ಆ ಪೊರೆಯಿಂದ ಆಚೆ ತಳ್ಳಬೇಕಾದರೆ 55ರಿಂದ 70 ಬಾರ್ ಒತ್ತಡ ಬೇಕು. ಸಾವಿರ ಲೀಟರ್ ಸಿಹಿ ನೀರಿಗೆ 3ರಿಂದ 4 ಯೂನಿಟ್ ಕರೆಂಟ್ ಹೋಗುತ್ತದೆ. ಹಡಗಿನಲ್ಲಿ ಕರೆಂಟ್ ಅಂದರೆ ಇಂಧನ.

ಲೆಕ್ಕ ಹಾಕಿ ನೋಡಿ. 10 ಮೀಟರ್ ಉದ್ದ, 5 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳಕ್ಕೆ 75,000 ಲೀಟರ್ ಬೇಕು. ಅಷ್ಟು ಸಿಹಿ ನೀರು ಮಾಡಿದ ಮೇಲೆ ದಿನಾ ಚೆಲ್ಲಿ ಹೊಸದು ತುಂಬಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಸಿಹಿ ನೀರಿನ ಕೊಳ ಅಂದರೆ ಅದೇ ನೀರನ್ನು ಶುದ್ಧ ಮಾಡುತ್ತಾ ಸುತ್ತಿಸುವ ಕೊಳ. ಕಣ್ಣಿಗೆ ಹಿತ, ಬಾಯಿಗೆ ಹೋದರೆ ಉಪ್ಪಿಲ್ಲ, ಮೈ ಅಂಟುವುದಿಲ್ಲ, ನಿಜ. ಆದರೆ ಪೂರ್ತಿ ಭಾರ ಫಿಲ್ಟರ್ ಮತ್ತು ಕ್ಲೋರಿನ್ ಮೇಲೆ ಬೀಳುತ್ತದೆ. 1500 ಅಡಿ ಕೊರೆದರೂ ಒಣ ಮಣ್ಣಿನ ದೂಳು ಹಾರುವುದನ್ನು ನೋಡಿ ಬೆಳೆದವನು ನಾನು. ದೊಡ್ಡ ಕೊಳಕ್ಕೆ ಸಮುದ್ರದ ನೀರೇ ಸರಿ, ಕಷ್ಟಪಟ್ಟು ಮಾಡಿದ ಸಿಹಿ ನೀರು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಇರಲಿ ಅಂತಲೇ ನನ್ನ ಮನಸ್ಸು ಹೇಳುತ್ತದೆ. ಇದು ನನ್ನ ಅಭಿಪ್ರಾಯ, ನೀವು ಒಪ್ಪಲೇಬೇಕು ಅಂತಿಲ್ಲ.

“ಉಪ್ಪಿನಲ್ಲಿ ಕ್ರಿಮಿ ಬದುಕಲ್ಲ, ಉಪ್ಪಿನಕಾಯಿ ಕೆಡುತ್ತಾ?” ಅಂತ ಒಬ್ಬರು ಹಿರಿಯರು ಕೇಳಿದ್ದರು. ಉಪ್ಪಿನಕಾಯಿಯಲ್ಲಿರುವ ಉಪ್ಪು ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಹುಳಿ ಬೇರೆ ಇರುತ್ತದೆ. ಸಮುದ್ರದ ಉಪ್ಪು ಕ್ರಿಮಿ ಕೊಲ್ಲುವಷ್ಟು ಅಲ್ಲ. ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾಗಳಿಗೆ ಬೆಚ್ಚಗಿನ ಉಪ್ಪು ನೀರೇ ಮನೆ. ಕಾಲಿನಲ್ಲಿ ಗಾಯ ಇರುವವರು, ಅದರಲ್ಲೂ ಶುಗರ್ ಇರುವವರು, ಯಾವ ಪೂಲ್‌ಗೂ ಇಳಿಯದಿರುವುದು ಒಳ್ಳೇದು.

ಕ್ಲೋರಿನ್ ವಿಷಯದಲ್ಲಿ ಸಮುದ್ರದ ನೀರಿಗೆ ಇನ್ನೊಂದು ಗುಣ ಇದೆ. ಅದರಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ಕ್ಲೋರಿನ್ ಹಾಕಿದ ತಕ್ಷಣ ಅದು ಈ ಬ್ರೋಮೈಡನ್ನು ಬ್ರೋಮಿನ್ ಆಗಿ ಬದಲಾಯಿಸುತ್ತದೆ, ಆಮೇಲೆ ಕ್ರಿಮಿ ಕೊಲ್ಲುವ ಕೆಲಸ ಬ್ರೋಮಿನ್ನಿನದು. ಕೆಲಸ ಚೆನ್ನಾಗೇ ಮಾಡುತ್ತದೆ. ಆದರೆ ಬಿಸಿಲಿಗೆ ಬೇಗ ಹಾಳಾಗುತ್ತದೆ. ಸಿಹಿ ನೀರಿನ ಕೊಳದಲ್ಲಿ ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡಲು ಸಯನ್ಯೂರಿಕ್ ಆಮ್ಲ ಹಾಕುವುದುಂಟು, ಬ್ರೋಮಿನ್‌ಗೆ ಅದು ರಕ್ಷಣೆ ಕೊಡುವುದಿಲ್ಲ. ಹಾಗಾಗಿ ಸಮುದ್ರದ ನೀರನ್ನು ಸುತ್ತಿಸುವ ಕೊಳದಲ್ಲಿ ನೆತ್ತಿಯ ಮೇಲೆ ಬಿಸಿಲಿರುವಾಗ ಅಳತೆ ಮೇಲೆ ಕಣ್ಣಿಟ್ಟೇ ಇರಬೇಕು.

ಇನ್ನು ಬಿಸಿನೀರಿನ ತೊಟ್ಟಿ. ಇವತ್ತು ಬೇರೇನೂ ನೆನಪಿರದಿದ್ದರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ. 75,000 ಲೀಟರ್ ಕೊಳಕ್ಕೆ ಆರು ಜನ ಇಳಿದರೆ ತಲೆಗೆ 12,500 ಲೀಟರ್. ಅದೇ ಆರು ಜನ 3,000 ಲೀಟರ್ ತೊಟ್ಟಿಯಲ್ಲಿ ಕೂತರೆ ತಲೆಗೆ 500 ಲೀಟರ್. ಬೆವರು, ಎಣ್ಣೆ, ಸನ್‌ಸ್ಕ್ರೀನ್ ಎಲ್ಲಾ ಅಷ್ಟರಲ್ಲೇ ಸೇರಬೇಕು. ನೀರು ಬಿಸಿ, ಮೇಲಿಂದ ಗಾಳಿಯ ಗುಳ್ಳೆ, ಎರಡರಿಂದಲೂ ಕ್ಲೋರಿನ್ ಬೇಗ ಖಾಲಿಯಾಗುತ್ತದೆ. ಅದಕ್ಕೇ ಅಮೆರಿಕದ ಆ ನಿಯಮದಲ್ಲಿ ಈಜುಕೊಳಕ್ಕೆ ಲೀಟರಿಗೆ 1ರಿಂದ 5 ಮಿಲಿಗ್ರಾಂ ಕ್ಲೋರಿನ್ ಇರಬೇಕು ಅಂದರೆ, ತೊಟ್ಟಿಗೆ 3ರಿಂದ 10 ಇರಬೇಕು ಅಂತ ಇದೆ. ಬಿಸಿ 40 ಡಿಗ್ರಿ ದಾಟಬಾರದು.

ಇದರ ಹಿಂದೆ ನೋವಿನ ಕಥೆ ಇದೆ. ಲೀಜಿಯೊನೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ, 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಸಮ್ಮೇಳನಕ್ಕೆ ಬಂದವರಿಗೆ ನ್ಯುಮೋನಿಯಾ ಬಂದ ಮೇಲೆ ಪತ್ತೆಯಾದದ್ದು. ಬೆಚ್ಚಗಿನ ನೀರು ಸಿಕ್ಕರೆ ಚೆನ್ನಾಗಿ ಬೆಳೆಯುತ್ತದೆ. ನೀರು ಕುಡಿದರೆ ಅಲ್ಲ, ನೀರಿನ ಸಣ್ಣ ಹನಿಗಳನ್ನು ಉಸಿರಿನಲ್ಲಿ ಎಳೆದುಕೊಂಡರೆ ಕಾಯಿಲೆ. ಗುಳ್ಳೆ ಒಡೆಯುವ ತೊಟ್ಟಿ ಅಂಥ ಹನಿಗಳನ್ನೇ ಹಾರಿಸುತ್ತದೆ. 1994ರಲ್ಲಿ ಹೊರೈಜನ್ ಅನ್ನುವ ಪ್ರವಾಸಿ ಹಡಗಿನಲ್ಲಿ ಬೇರೆ ಬೇರೆ ವಾರ ಪ್ರಯಾಣ ಮಾಡಿದ 50 ಜನರಿಗೆ ಈ ಕಾಯಿಲೆ ತಗುಲಿತು, ಒಬ್ಬರು ತೀರಿಕೊಂಡರು. ಹುಡುಕಿದಾಗ ಬ್ಯಾಕ್ಟೀರಿಯಾ ಸಿಕ್ಕಿದ್ದು ಬಿಸಿನೀರಿನ ತೊಟ್ಟಿಯ ಮರಳಿನ ಫಿಲ್ಟರ್‌ನಲ್ಲಿ. ನೀರಿಗೆ ಇಳಿಯದೆ ಸುಮ್ಮನೆ ತೊಟ್ಟಿಯ ಪಕ್ಕ ಕಾಲ ಕಳೆದವರಿಗೂ ಅಪಾಯ ಹೆಚ್ಚಿತ್ತು. ಕಾಯಿಲೆ ಕಾಣಿಸಿಕೊಳ್ಳಲು ಕೆಲವು ದಿನ ಬೇಕು, ಅಷ್ಟರಲ್ಲಿ ಪ್ರಯಾಣಿಕರು ಅವರವರ ಊರು ಸೇರಿರುತ್ತಾರೆ, ಬೇರೆ ಬೇರೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ಎಲ್ಲರದೂ ಒಂದೇ ಮೂಲ ಅಂತ ಗೊತ್ತಾಗುವುದೇ ಕಷ್ಟ. ಹಡಗಿನಿಂದ ಬಂದ ಮೇಲೆ ಎರಡು ವಾರದೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬಂದರೆ ಡಾಕ್ಟರಿಗೆ “ಹಡಗಿನಲ್ಲಿದ್ದೆ, ಬಿಸಿನೀರಿನ ತೊಟ್ಟಿಯಲ್ಲಿ ಕೂತಿದ್ದೆ” ಅಂತ ತಪ್ಪದೆ ಹೇಳಿ. ವಯಸ್ಸಾದವರು, ಬೀಡಿ ಸಿಗರೇಟ್ ಸೇದುವವರು, ಶ್ವಾಸಕೋಶದ ತೊಂದರೆ ಇರುವವರು ಇನ್ನೂ ಹುಷಾರಾಗಿರಬೇಕು.

ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸುವ ನೀರು, 2018ರಲ್ಲಿ ನಮ್ಮ ಕೆರೆಗಳಿಗೆ ಬಂದಾಗಿನಿಂದ ನಾವು ಏನು ಕೇಳುತ್ತಾ ಬಂದಿದ್ದೇವೆ? ನೀರು ಎಲ್ಲಿಂದ ಬಂತು ಅನ್ನುವುದಕ್ಕಿಂತ ಎಷ್ಟು ಹಂತ ಶುದ್ಧ ಮಾಡಿದ್ದೀರಿ, ಯಾವಾಗ ಪರೀಕ್ಷೆ ಮಾಡಿದ್ದೀರಿ ಅಂತ ತಾನೆ? ಹಡಗಿನಲ್ಲೂ ಅದನ್ನೇ ಕೇಳಿ. “ಇವತ್ತು ಕ್ಲೋರಿನ್ ಎಷ್ಟಿದೆ?” ಅಂತ ಪೂಲ್ ಹುಡುಗನನ್ನು ಕೇಳಿದರೆ ತಪ್ಪಿಲ್ಲ. ಒಳ್ಳೇ ಹಡಗಿನಲ್ಲಿ ಗಂಟೆ ಗಂಟೆಯ ಲೆಕ್ಕ ಬರೆದಿಟ್ಟಿರುತ್ತಾರೆ. ಅಮೆರಿಕಕ್ಕೆ ಬರುವ ಹಡಗುಗಳ ತಪಾಸಣೆ ಅಂಕ ಎಲ್ಲರಿಗೂ ನೋಡಲು ಸಿಗುತ್ತದೆ, 100ಕ್ಕೆ 86 ಬಂದರೆ ಪಾಸ್. ನಮ್ಮ ಬಂದರುಗಳ ನಡುವೆಯೇ ಓಡಾಡುವ ಹಡಗುಗಳಿಗೆ ಆ ಅಂಕ ಇರುವುದಿಲ್ಲ, ಅಲ್ಲಿ ನಿಮ್ಮ ಕಣ್ಣು ಮೂಗೇ ತಪಾಸಣೆ ಮಾಡಬೇಕು. ನೀರು ಮಬ್ಬಾಗಿದ್ದರೆ, ತೊಟ್ಟಿಯ ಅಂಚು ಕೈಗೆ ಲೋಳೆಲೋಳೆ ಅನಿಸಿದರೆ ಇಳಿಯಬೇಡಿ. ಕ್ಲೋರಿನ್ ಘಾಟು ಮೂಗಿಗೆ ಹೊಡೆದರೆ ಶುದ್ಧವಾಗಿದೆ ಅಂದುಕೊಳ್ಳಬೇಡಿ. ಆ ವಾಸನೆ ಬರುವುದು ಕ್ಲೋರಿನ್ ಜೊತೆ ಬೆವರು, ಮೂತ್ರ ಸೇರಿದಾಗ.

ನಮ್ಮ ಕಡೆಯಿಂದಲೂ ಕೆಲವು ಕೆಲಸ ಇದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ನೀರಿಗಿಳಿದರೆ ಕ್ಲೋರಿನ್ ಆ ಎಣ್ಣೆಗೇ ಖರ್ಚಾಗುತ್ತದೆ. ಮೊದಲು ಸೋಪು ಹಚ್ಚಿ ಸ್ನಾನ ಮಾಡಿ, ಆಮೇಲೆ ಇಳಿಯಿರಿ. ಹೆಣ್ಣುಮಕ್ಕಳು ಕಾಟನ್ ಚೂಡಿದಾರ್ ಹಾಕಿಕೊಂಡು ಇಳಿಯುವುದುಂಟು. ಮುಜುಗರ ನನಗೆ ಅರ್ಥವಾಗುತ್ತದೆ, ಆದರೆ ಅದರ ನೂಲಿನ ಎಳೆಗಳು ಫಿಲ್ಟರ್ ಕಟ್ಟಿಸುತ್ತವೆ, ಒದ್ದೆಯಾದರೆ ಬಟ್ಟೆ ಭಾರವಾಗಿ ಎಳೆಯುತ್ತದೆ. ಕೈಕಾಲು ಪೂರ್ತಿ ಮುಚ್ಚುವ ನೈಲಾನ್ ಈಜುಡುಪು ಸಿಗುತ್ತದೆ, ಊರಿನಿಂದಲೇ ತಗೊಂಡು ಹೋಗಿ. ಡಯಾಪರ್ ಹಾಕಿದ ಮಕ್ಕಳನ್ನು ಇಳಿಸಬೇಡಿ. ಭೇದಿ ಆಗಿದ್ದರೆ ದೊಡ್ಡವರೂ ಇಳಿಯಬಾರದು, ಯಾಕೆಂದರೆ ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಪರಾವಲಂಬಿ ಸಾಮಾನ್ಯ ಕ್ಲೋರಿನ್ ಅಳತೆಗೆ ದಿನಗಟ್ಟಲೆ ಸಾಯುವುದಿಲ್ಲ, ಸಮುದ್ರದ ಉಪ್ಪಿಗೂ ಜಗ್ಗುವುದಿಲ್ಲ.

ಹೃದಯದ ತೊಂದರೆ, ಬಿಪಿ ಇರುವವರು ಬಿಸಿನೀರಿಗೆ ಇಳಿಯುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಬಸುರಿಯರು ಬೇಡವೇ ಬೇಡ. ಕುಡಿದು ಕೂರಬಾರದು. ಹತ್ತು ಹದಿನೈದು ನಿಮಿಷ ಸಾಕು, ಎದ್ದು ಬಂದು ನೀರು ಕುಡಿಯಿರಿ, ಸಿಹಿ ನೀರಿನಲ್ಲಿ ಒಂದು ಸಲ ಮೈ ತೊಳೆದುಕೊಳ್ಳಿ. ಸರಿ, ಈಗ ನಿಮ್ಮ ಪ್ರಶ್ನೆ ಕೇಳಿ. ಹಿಂದಿನ ಸಾಲಿನಲ್ಲಿ ಆಗಲೇ ಒಬ್ಬರು ಕೈ ಎತ್ತಿದ್ದಾರೆ, ಅವರಿಂದಲೇ ಶುರು ಮಾಡೋಣ.