ಪಂಚಾಯಿತಿಗೆ ಬಂದ ಇಂಟರ್‌ನೆಟ್ ನಿಲ್ಲುವುದು ಎಲ್ಲಿ?

ಕೇಳುಗರಿಗೆ ನಮಸ್ಕಾರ. ಮಂಡ್ಯ ಸೀಮೆಯ ರೈತರಿಗೆ ನಾಲೆಯ ಕೊನೆಭಾಗದ ಕಷ್ಟ ಗೊತ್ತು. ಮೇಲೆ ಎಲ್ಲೋ ಏರಿ ಒಡೆದರೆ ಕೆಳಗಿನವರ ಗದ್ದೆಗೆ ನೀರಿಲ್ಲ. ಊರಿಗೆ ಬರುವ ಇಂಟರ್‌ನೆಟ್ಟಿನ ಪಾಡೂ ಬಹುಮಟ್ಟಿಗೆ ಇದೇ.

ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್, ಅಂದರೆ ಬೆಳಕಿನ ಮೂಲಕ ಇಂಟರ್‌ನೆಟ್ ಸಾಗಿಸುವ ಗಾಜಿನ ಎಳೆಯ ಕೇಬಲ್, ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್. ದೂರಸಂಪರ್ಕ ಕಂಪನಿಗಳ ಆದಾಯದಲ್ಲಿ ನೂರಕ್ಕೆ 5ರಂತೆ ಕಟ್ಟಿಸಿಕೊಂಡ ನಿಧಿಯಿಂದ ಇದಕ್ಕೆ ಹಣ ಬರುತ್ತದೆ. ನಿಮ್ಮ ರೀಚಾರ್ಜಿನ ಪಾಲೂ ಅದರಲ್ಲಿದೆ, ಹಾಗಾಗಿ ಗ್ರಾಮಸಭೆಯಲ್ಲಿ ಧೈರ್ಯವಾಗಿ ಕೇಳಿ.

ಮೊದಲು ಯೋಜಿಸಿದಂತೆ ತಾಲ್ಲೂಕು ಕೇಂದ್ರದಿಂದ ಕೇಬಲ್ ಒಂದೇ ದಿಕ್ಕಿಗೆ ಹೋಗುತ್ತಿತ್ತು. ರಸ್ತೆಗೋ ನೀರಿನ ಪೈಪಿಗೋ ಜೆಸಿಬಿ ಅಗೆದು ಕತ್ತರಿಸಿದರೆ ಮುಂದಿನ ಊರುಗಳೆಲ್ಲ ಬಂದ್. 2023ರ ಪರಿಷ್ಕೃತ ಯೋಜನೆಯಲ್ಲಿ ಕೇಬಲ್ಲನ್ನು ಬಳೆಯಂತೆ ಸುತ್ತಿಸುತ್ತಾರೆ. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಬರುತ್ತದೆ. ನನ್ನ ಮಟ್ಟಿಗೆ ಇಷ್ಟು ವರ್ಷಗಳಲ್ಲಿ ಆದ ಅತ್ಯಂತ ಉಪಯುಕ್ತ ಬದಲಾವಣೆ ಇದು.

ಪಂಚಾಯಿತಿ ಕಚೇರಿಯಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಓಎನ್‌ಟಿ ಎನ್ನುತ್ತಾರೆ. ಅದರಲ್ಲಿ ಎಲ್‌ಓಎಸ್ ದೀಪ ಕೆಂಪಗಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ದೂರು ಕೊಡುವ ಮೊದಲು ಪೆಟ್ಟಿಗೆಗೆ ಬರುವ ಹಳದಿ ಫೈಬರ್ ವೈರು ಬೀರುವಿನ ಹಿಂದೆ ಮಡಿಚಿಕೊಂಡಿದೆಯೇ ನೋಡಿ. ಚೂಪಾಗಿ ಬಾಗಿದ ಜಾಗದಲ್ಲಿ ಬೆಳಕು ಸೋರಿಹೋಗುತ್ತದೆ. ತುದಿಯನ್ನು ಮಾತ್ರ ಕಣ್ಣಿಗೆ ಹಿಡಿಯಬೇಡಿ. ಆ ಬೆಳಕು ಕಾಣುವುದಿಲ್ಲ, ಕಣ್ಣಿಗೆ ಕೇಡು ಮಾಡಬಹುದು. ಪೆಟ್ಟಿಗೆಯಲ್ಲಿ ಯಾವ ದೀಪವೂ ಹತ್ತದಿದ್ದರೆ ಕರೆಂಟಿನ ತೊಂದರೆ. ಓಎನ್‌ಟಿ ಮತ್ತು ವೈಫೈ ರೂಟರ್ ಸೇರಿ ಸುಮಾರು 15 ವ್ಯಾಟ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. 12 ವೋಲ್ಟಿನ 7 ಆಂಪಿಯರ್ ಅವರ್ ಬ್ಯಾಟರಿ ಹೊಸದಾಗಿದ್ದರೆ ನಾಲ್ಕು ಗಂಟೆ ತಡೆಯುತ್ತದೆ. ಹಳೆಯ ಬ್ಯಾಟರಿ ಬದಲಿಸದೆ ಲಕ್ಷಗಟ್ಟಲೆ ರೂಪಾಯಿಯ ಕೇಬಲ್ ಸುಮ್ಮನೆ ಬಿದ್ದಿರುವುದು ನಿಜಕ್ಕೂ ಬೇಸರದ ಸಂಗತಿ.

ಇನ್ನು ಪಂಚಾಯಿತಿ ಬಾಗಿಲು ಹಾಕಿದ ಮೇಲೆ? ಅದಕ್ಕೆ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆ ಇದೆ. ಚಹಾ ಅಂಗಡಿ, ದಿನಸಿ ಅಂಗಡಿಯವರು ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಬ್ರಾಡ್‌ಬ್ಯಾಂಡ್ ಸಂಪರ್ಕ, ವಾಣಿಗೆ ಹೊಂದುವ ರೂಟರ್, ಲೆಕ್ಕ ನೋಡಿಕೊಳ್ಳುವ ಸಂಸ್ಥೆಯೊಂದರ ಜೊತೆ ಒಪ್ಪಂದ, ಇಷ್ಟು ಬೇಕು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2025ರ ಜೂನ್‌ನಲ್ಲಿ ಹೊರಡಿಸಿದ ಆದೇಶದಂತೆ, 200 ಎಂಬಿಪಿಎಸ್ ವೇಗದವರೆಗಿನ ಫೈಬರ್ ಪ್ಲಾನಿಗೆ ಇಂಥ ಅಂಗಡಿಯವರಿಂದ ಮನೆ ದರದ ಎರಡು ಪಟ್ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ರೂಟರನ್ನು ಕಬ್ಬಿಣದ ಷಟರಿನ ಹಿಂದೆ ಇಡಬೇಡಿ. ಜನ ಕೂರುವ ಜಗುಲಿಗೆ ನೇರವಾಗಿ ಕಾಣುವಂತೆ, ಆಳೆತ್ತರಕ್ಕಿಂತ ಮೇಲೆ, ಮಳೆ ತಾಗದ ಕಡೆ ಕಟ್ಟಿಸಿ.