ಕೋಚ್ ಕೇಳಿದಾಗ ರೆಫ್ರಿ ಏನು ಹೇಳಬೇಕು

(ಹಾವೇರಿಯಲ್ಲಿ ಹೊಸ ಕಬಡ್ಡಿ ತೀರ್ಪುಗಾರರಿಗೆ ನೀಡಿದ ಉಪನ್ಯಾಸ)

ಗೆಳೆಯರೇ, ನಿಯಮ ನಿಮಗೆ ಬಾಯಿಪಾಠ ಇದೆ ಎಂದುಕೊಂಡೇ ಮಾತಾಡುತ್ತೇನೆ. ನಿಯಮ ತಿಳಿದವನ ಮಾತನ್ನೂ ಕೋಚ್ ನಂಬದೇ ಹೋಗಬಹುದು. ಅದು ಯಾಕೆ ಎಂಬುದೇ ಇವತ್ತಿನ ವಿಷಯ.

"ಸರ, ಬೋನಸ್ ಯಾಕ ಕೊಡ್ಲಿಲ್ಲ?" ಎಂದು ಕೋಚ್ ಕೇಳುತ್ತಾರೆ. ರೈಡರ್, ಅಂದರೆ ಎದುರಾಳಿ ಅಂಗಳಕ್ಕೆ ನುಗ್ಗಿದ ಆಟಗಾರ, ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಹೆಚ್ಚುವರಿ ಅಂಕದ ಮಾತು ಇದು. "ನನ್ನ ತೀರ್ಮಾನವೇ ಅಂತಿಮ" ಎಂದರೆ ಅವರ ಪ್ರಶ್ನೆ ಹಾಗೇ ಉಳಿಯುತ್ತದೆ. ಅಧಿಕಾರ ನಿಮ್ಮದೆಂದು ಅವರಿಗೂ ಗೊತ್ತು, ಅವರು ಕೇಳಿದ್ದು ಕಾರಣ. "ಮುಂಗಾಲು ಬೋನಸ್ ಗೆರೆ ದಾಟಿತ್ತು, ಹಿಂಗಾಲು ನೆಲ ಬಿಟ್ಟಿರಲಿಲ್ಲ." ಇಷ್ಟು ಸಾಕು. ಕಣ್ಣಾರೆ ಕಂಡದ್ದರ ಬಗ್ಗೆ ವಾದಕ್ಕೆ ಇಳಿಯಬೇಡಿ. ನಿಯಮ ಕೇಳಿದರೆ ಮಾತ್ರ ಬೇಸರಪಡದೆ ಹೇಳಿ. ಎದುರು ಐವರೇ ಇದ್ದರೆ ಬೋನಸ್ ಇಲ್ಲ ಎಂಬುದು ಪಳಗಿದ ಕೋಚ್‌ಗೂ ಆಟದ ಕಾವಿನಲ್ಲಿ ಮರೆತುಹೋಗುತ್ತದೆ. ಅವರ ಹುಡುಗರ ಮುಂದೆ ಅವರಿಗೆ ಪಾಠ ಹೇಳುವ ಧಾಟಿ ಬೇಡ.

2023ರ ಅಕ್ಟೋಬರ್ 7ರಂದು ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್ ಪುರುಷರ ಫೈನಲ್ ನಿಮಗೆ ನೆನಪಿರಬೇಕು. ಭಾರತ, ಇರಾನ್ 28-28. ಭಾರತದ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಅಂಕಣದ ಅಂಚಿನ ಪಟ್ಟಿಗೆ, ಕಾಲಿಟ್ಟರು, ಬೆನ್ನಟ್ಟಿದ ಇರಾನಿನವರೂ ಲಾಬಿಗೆ ಇಳಿದರು. ಹಳೆಯ ನಿಯಮದಂತೆ ಅವರೂ ಔಟ್. ಹೊಸದರಂತೆ ರೈಡರ್ ಒಬ್ಬನೇ. ಯಾವ ನಿಯಮ ಎಂಬುದೇ ಅಧಿಕಾರಿಗಳಿಗೆ ಬಗೆಹರಿಯಲಿಲ್ಲ. ತೀರ್ಪು ಅತ್ತಿತ್ತ ತೂಗಾಡಿತು, ಆಟಗಾರರು ಅಂಕಣದಲ್ಲೇ ಕುಳಿತರು, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ 33-29ರಲ್ಲಿ ಭಾರತ ಗೆದ್ದಿತು. ಗೆದ್ದವರು ನಮ್ಮವರೇ, ಆದರೂ ತೀರ್ಪುಗಾರನಾಗಿ ಅದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಮೊದಲ ಸಲ ತೀರ್ಪು ತಿರುಗಿದ ಮೇಲೆ ಯಾವ ವಿವರಣೆಯನ್ನು ಯಾವ ಕೋಚ್ ನಂಬಬೇಕು?

ನಮ್ಮ ಜಾತ್ರೆಯ ಪಂದ್ಯಾವಳಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಂದೂರಲ್ಲಿ ಮಣ್ಣಿನ ಅಂಕಣ, ಇನ್ನೊಂದೂರಲ್ಲಿ ಮ್ಯಾಟ್. ಕೆಲವು ಕಡೆ ಊರ ಹಿರಿಯರು ತಮ್ಮದೇ ನಿಯಮ ಸೇರಿಸಿರುತ್ತಾರೆ. ಹಾಗಾಗಿ ಟಾಸ್‌ಗೆ ಮುಂಚೆ ಇಬ್ಬರೂ ಕೋಚ್‌ಗಳನ್ನು ಒಟ್ಟಿಗೆ ಕರೆಯಿರಿ. ಲಾಬಿ ಹೇಗೆ, ಮೂರನೇ ಖಾಲಿ (ಅಂಕ ಬಾರದ) ರೈಡ್ ಹೇಗೆ, ಟೈ ಆದರೆ ಹೇಗೆ, ಎಲ್ಲ ಹೇಳಿ. ಅಂಪೈರ್‌ಗಳೂ ಸ್ಕೋರರ್‌ಗಳೂ ಅಲ್ಲೇ ನಿಂತು ಕೇಳಲಿ.

ವಿರಾಮದಲ್ಲಿ ಒಬ್ಬ ಕೋಚ್ ನಿಮ್ಮನ್ನು ಪಕ್ಕಕ್ಕೆ ಕರೆದು ಕೇಳಬಹುದು. ಹಳೇ ಪರಿಚಯ, ಒಂದೇ ತಾಲೂಕು, ಚಹಾ ಕುಡಿದವರು. ಹೋಗಬೇಡಿ. ಉತ್ತರ ಸರಿಯಿದ್ದರೂ ಎದುರು ಬೆಂಚಿನವರಿಗೆ ಕಾಣುವುದು ನಿಮ್ಮಿಬ್ಬರ ಪಿಸುಮಾತು ಮಾತ್ರ. ಇನ್ನೊಬ್ಬ ಕೋಚನ್ನೂ ಕರೆದು ಅದೇ ಮಾತನ್ನು ಇಬ್ಬರಿಗೂ ಕೇಳುವಂತೆ ಹೇಳಿ. ಸಂಶಯವಿದ್ದರೆ ಆಟ ನಿಲ್ಲಿಸಿ ಅಂಪೈರ್‌ಗಳೊಡನೆ ಮಾತಾಡಿ, ಆಮೇಲೆ ಬಾಯಿ ತೆರೆಯಿರಿ.

ಮಧ್ಯಾಹ್ನ ಅಂಕಣದಲ್ಲಿ ಇದನ್ನೇ ಮಾಡಿ ನೋಡೋಣ. ನಿಮ್ಮಲ್ಲಿ ನಾಲ್ವರು ಕೋಚ್‌ಗಳಾಗಿ ಬನ್ನಿ, ಕಷ್ಟದ ಪ್ರಶ್ನೆಗಳನ್ನೇ ತನ್ನಿ.