ಮೊದಲು ಬಾಗಿಲು, ಆಮೇಲೆ ಸ್ಪೀಕರ್

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ, ಅದು ಮುಂದಿನ ವಾರಕ್ಕಿರಲಿ. ಕಳೆದ ವಿಡಿಯೊದ ಕೆಳಗೆ ಒಬ್ಬರು ಬರೆದ ಸಾಲು ಮೂರು ದಿನದಿಂದ ನನ್ನ ತಲೆ ಕೊರೆಯುತ್ತಿದೆ. 'ಕಾರಿನ ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಅಂಟಿಸುವುದು ಅಂಗಡಿಯವರು ಬಿಲ್ ಏರಿಸಲು ಹೂಡಿದ ಆಟ. ಒಳ್ಳೆಯ ಸ್ಪೀಕರ್ ಹಾಕಿದರೆ ಸಾಕು.' ಡ್ಯಾಂಪಿಂಗ್ ಶೀಟ್ ಎಂದರೆ ತಗಡಿನ ಅದುರು ತಡೆಯುವ ಅಂಟುಹಾಳೆ. ಹೌದು ಹೌದು ಎನ್ನುವವರ ಸಾಲು ಅದರ ಕೆಳಗೆ ಉದ್ದಕ್ಕೆ ಬೆಳೆದಿದೆ!

ಸಾಕಾಗುವುದಿಲ್ಲ ಸ್ವಾಮಿ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಆ ಪೆಟ್ಟಿಗೆ ಎಲ್ಲಿದೆ? ಬಾಗಿಲೇ ಪೆಟ್ಟಿಗೆ. ಸ್ಪೀಕರಿನ ಕೋನ್, ಅಂದರೆ ಅದುರುವ ಬಟ್ಟಲು, ಮುಂದಕ್ಕೆ ಗಾಳಿ ತಳ್ಳಿದ ಕ್ಷಣದಲ್ಲೇ ಬೆನ್ನಿನ ಕಡೆಯಿಂದ ಗಾಳಿ ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ವಿರುದ್ಧ. ಎರಡೂ ಎದುರುಬದುರಾದರೆ ಒಂದನ್ನೊಂದು ನುಂಗಿಹಾಕುತ್ತವೆ. ಮೊದಲು ಹೋಗುವುದು ಬಾಸ್, ಅಂದರೆ ಡೊಳ್ಳಿನಂಥ ತಗ್ಗಿನ ಸ್ವರ. ಬಾಗಿಲಿನ ಒಳಹೊದಿಕೆ, ಅದೇ ಡೋರ್ ಪ್ಯಾಡ್, ಬಿಚ್ಚಿ ನೋಡಿ: ಗಾಜು ಏರಿಸುವ ಮೋಟಾರಿನ ರಿಪೇರಿಗೆಂದು ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ಕಂಡಿಗಳಿವೆ. ಎಷ್ಟೋ ಕಾರುಗಳಲ್ಲಿ ಅವಕ್ಕೆ ಮುಚ್ಚಳವೆಂದರೆ ಒಂದು ತೆಳು ಪ್ಲಾಸ್ಟಿಕ್ ಹಾಳೆ. ಅದರಿಂದ ಆ ಹಿಂದಿನ ಅಲೆಯನ್ನು ತಡೆಯುವುದೆಂದರೆ ಜರಡಿಯಲ್ಲಿ ನೀರು ಹಿಡಿದ ಹಾಗೆ.

ನಾನು ಇದನ್ನು ದುಡ್ಡು ಕೊಟ್ಟು ಕಲಿತವನು. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್ ಜೋಡಿ (ಏರು ಸ್ವರಕ್ಕೆ ಬೇರೆಯೇ ಸಣ್ಣ ಸ್ಪೀಕರ್ ಇರುವಂಥದ್ದು) ಕೊಂಡೆ. ಮುಕ್ಕಾಲು ಗಂಟೆಯಲ್ಲಿ ಕೂರಿಸಿ ಕೊಟ್ಟರು. ಮಾರುಕಟ್ಟೆಯ ಮೇಲ್ಸೇತುವೆ ಹತ್ತಿ ಡೊಳ್ಳು ಕುಣಿತದ ಧ್ವನಿಮುದ್ರಣ ಹಾಕಿದೆ. ಡೊಳ್ಳಿನ ಪೆಟ್ಟು ಎದೆಗೆ ತಾಗಬೇಕಲ್ಲವೇ? ತಾಗಲಿಲ್ಲ. ಬದಲಿಗೆ ಬಾಗಿಲು ಗಿರ್ ಎಂದು ಅದುರಿತು. ಮೊದಲ ಮಳೆಗೆ ಕಾಲಡಿಯ ಮ್ಯಾಟ್ ಒದ್ದೆಯಾಯಿತು. ಬಿಚ್ಚಿ ನೋಡಿದರೆ ಆ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಹಾಗೆಯೇ ಬಿಟ್ಟಿದ್ದರು. ಸ್ಪೀಕರ್ ಕೂರಿಸಲು ಹಾಕಿದ್ದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ರಿಂಗ್ ನೀರು ಕುಡಿದು ರಸ್ಕಿನ ಹಾಗೆ ಉಬ್ಬಿತ್ತು. ಬಾಗಿಲಿನೊಳಗೆ ಮಳೆನೀರು ಇಳಿಯುವುದು ಸಹಜ, ಕೆಳಗೆ ಹರಿದುಹೋಗಲು ರಂಧ್ರಗಳಿವೆ. ಆದ್ದರಿಂದ ರಿಂಗ್ ಪ್ಲಾಸ್ಟಿಕ್ಕಿನದೇ ಇರಲಿ, ಶೀಟ್ ಅಂಟಿಸುವಾಗ ಆ ರಂಧ್ರಗಳನ್ನು ಮುಚ್ಚಬೇಡಿ.

ಆಮೇಲೆ ಒಂದು ಭಾನುವಾರವಿಡೀ ಕುಳಿತು ನಾನೇ ಕೆಲಸ ಮಾಡಿದೆ. ಹೊರತಗಡನ್ನು ಒರೆಸಿ ಒಣಗಿಸಿ ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಅಂಟಿಸಿ, ರೋಲರಿನಿಂದ ಭುಜ ನೋಯುವವರೆಗೆ ಒತ್ತಿದೆ. ಒಳತಗಡಿನ ಕಂಡಿಗಳನ್ನೆಲ್ಲ ಮುಚ್ಚಿದೆ. ಅದೇ ಸ್ಪೀಕರ್, ಅದೇ ಸ್ಟೀರಿಯೊ. ಡೊಳ್ಳು ಬಂತು! ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು 'ಹೊಸದು ತಂದಿರಾ?' ಎಂದಳು. ಆ ಪೂರ್ತಿ ಕೆಲಸದ ವಿಡಿಯೊ ನಮ್ಮ ಚಾನೆಲಿನಲ್ಲಿದೆ, 1.5 ವೋಲ್ಟ್ ಸೆಲ್ ಮುಟ್ಟಿಸಿ ಸ್ಪೀಕರಿನ ಪ್ಲಸ್ ಮೈನಸ್ ಕಂಡುಹಿಡಿಯುವುದೂ ಅದರಲ್ಲೇ ಇದೆ. ನೋಡಿ, ಚಂದಾದಾರರಾಗಿ.

'ಬಾಸ್ ಸಾಲದಿದ್ದರೆ ವಾಲ್ಯೂಮ್ ಏರಿಸಿ, ನನ್ನ ಸ್ಟೀರಿಯೊ 50 ವ್ಯಾಟಿನದು' ಎಂದೂ ಅವರೇ ಬರೆದಿದ್ದಾರೆ. ಲೆಕ್ಕ ಹಾಕೋಣ. ಎಂಜಿನ್ ಓಡುವಾಗ ಸಿಗುವುದು ಸಾಮಾನ್ಯವಾಗಿ 14.4 ವೋಲ್ಟಿನ ಆಸುಪಾಸು, ಸ್ಪೀಕರಿನ ವಿದ್ಯುತ್ ತಡೆ 4 ಓಮ್. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿ: 51.84 ವ್ಯಾಟ್. ಡಬ್ಬಿಯ ಮೇಲಿನ 50 ಹುಟ್ಟುವುದು ಇಲ್ಲಿ, ಅದೂ ಧ್ವನಿ ಪೂರ್ತಿ ಒಡೆದು ಅಲೆ ಚೌಕವಾದಾಗ. ಒಡೆಯದ ಸ್ವರಕ್ಕೆ ಲೆಕ್ಕದಲ್ಲೇ ಅದರ ಅರ್ಧ, ಕೈಗೆ ದಕ್ಕುವುದು 15ರಿಂದ 20 ವ್ಯಾಟ್. ಇಷ್ಟನ್ನೂ ತಗಡು ಅದುರಿಸಲು ಸುರಿಯುತ್ತೀರಾ? ಆಂಪ್ಲಿಫೈಯರ್ ಹಾಕುತ್ತೀರಾ? ತಗಡು ಇನ್ನೂ ಜೋರಾಗಿ ಅದುರುತ್ತದೆ, ಅಷ್ಟೇ! ಬಾಗಿಲು ಸರಿಮಾಡಿ.

'ಕಾರು ಮಾಡಿದವರಿಗೆ ಗೊತ್ತಿರಲಿಲ್ಲವೇ?' ಎಂದು ಕೇಳುತ್ತೀರಿ. ಗೊತ್ತಿತ್ತು. ಅವರು ಕೊಟ್ಟದ್ದು ಅಂಗೈ ಮೇಲೆ ಹೂವಿನಂತೆ ಕೂರುವ ಹಗುರ ಸ್ಪೀಕರ್, ಅದಕ್ಕೆ ಆ ಬಾಗಿಲು ನಡೆಯುತ್ತಿತ್ತು. ನೀವು ತಂದದ್ದು ಗಾಳಿಯನ್ನು ಗುದ್ದುವ ಯಂತ್ರ. 'ಶೀಟಿನ ಭಾರಕ್ಕೆ ಮೈಲೇಜ್ ಇಳಿಯುತ್ತದೆ' ಎನ್ನುತ್ತೀರಿ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತಿರುವ ಸಾಮಾನು ಇಳಿಸಿ, ಆಮೇಲೆ ಆ ಮಾತಾಡಿ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಬರಿ ತಗಡಿಗೆ ದುಬಾರಿ ಸ್ಪೀಕರ್ ಎಂದರೆ ಅದೇ. ಮೃದಂಗದ ಚರ್ಮವನ್ನು ಹಲಸಿನ ಮರಕ್ಕೆ ಬಿಗಿಯುತ್ತಾರೆ, ಎಣ್ಣೆ ಡಬ್ಬಕ್ಕೆ ಬಿಗಿಯುತ್ತಾರೆಯೇ? ಬಾಗಿಲು! ಬಜೆಟ್ ಹತ್ತು ಸಾವಿರವಿದ್ದರೆ ಆರು ಸಾವಿರದ ಸ್ಪೀಕರ್ ತನ್ನಿ, ಮಿಕ್ಕದ್ದು ಬಾಗಿಲಿಗೆ. ಐದೇ ಇದ್ದರೆ ಹಳೆಯ ಸ್ಪೀಕರನ್ನೇ ಉಳಿಸಿಕೊಂಡು ಎಲ್ಲವನ್ನೂ ಬಾಗಿಲಿಗೆ ಹಾಕಿ. ನಾನು ಹೇಳುತ್ತಿದ್ದೇನೆ, ಹಾಕಿ.

ಕಾಮೆಂಟ್ ಬರೆದವರೇ, ನೀವು ಬೆಂಗಳೂರಿನವರೇ ಅಂತೆ. ಈ ಭಾನುವಾರ ಬೆಳಗ್ಗೆ ಲಾಲ್‌ಬಾಗಿನ ಹತ್ತಿರ ಬನ್ನಿ, ಕಾಫಿ ನನ್ನದು. ಇಬ್ಬರ ಕಾರನ್ನೂ ಅಕ್ಕಪಕ್ಕ ನಿಲ್ಲಿಸಿ ಒಂದೇ ಡೊಳ್ಳು ಹಾಕೋಣ. ಹೊರಗೆ ನಿಂತು ನಿಮ್ಮ ಬಾಗಿಲಿನ ಮೇಲೆ ಒಂದು ಕೈ, ನನ್ನದರ ಮೇಲೆ ಒಂದು ಕೈ ಇಡಿ. ಕ್ಯಾಮೆರಾ ನಾನು ತರುತ್ತೇನೆ.